ನೆರಳು ಕಂಡ ಮೇಲೆ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆ ನಮ್ಮನ್ನು ಬೆಚ್ಚಿಬೀಳಿಸಬೇಕಾದ ಒಂದು ಅಂಕಿಯನ್ನು ಮುಂದಿಟ್ಟಿತು. ಅದರಲ್ಲಿ ಪತ್ತೆಯಾದ ರೋಗಿಗಳ ಪೈಕಿ ಶೇ 42.6ರಷ್ಟು ಮಂದಿ, ಎದೆಯ ಎಕ್ಸ್‌ರೇ ತೆಗೆಯದಿದ್ದರೆ ಕೈತಪ್ಪಿ ಹೋಗುತ್ತಿದ್ದರು. ಕೆಮ್ಮಿದೆಯೇ, ಜ್ವರವಿದೆಯೇ ಎಂದು ಮನೆಮನೆ ಕೇಳುತ್ತ ಹೋದರೆ ಇಂಥವರು ಸಿಗುವುದೇ ಇಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ಭಾರತದಲ್ಲಿ. ಕೈಯಲ್ಲಿ ಹಿಡಿದೊಯ್ಯುವಷ್ಟು ಹಗುರವಾದ ಎಕ್ಸ್‌ರೇ ಯಂತ್ರ ಈಗ ಹಳ್ಳಿಯ ಶಾಲೆಯ ಜಗಲಿಗೂ ಬರಬಲ್ಲದು. ಚಿತ್ರ ನೋಡಿ ಹೇಳಬಲ್ಲ ರೇಡಿಯಾಲಜಿಸ್ಟ್ ಅದರ ಜೊತೆ ಬರುವುದಿಲ್ಲ. ಎಕ್ಸ್‌ರೇ ಓದುವ ಕೃತಕ ಬುದ್ಧಿಮತ್ತೆಯ ಬೆಲೆ ಕಟ್ಟಬೇಕಾದ ಜಾಗ ಇದು. ಅದನ್ನು ನಗರದ ನುರಿತ ತಜ್ಞರೊಡನೆ ಪಂದ್ಯಕ್ಕೆ ಬಿಟ್ಟು ಗೆದ್ದವರಾರು ಎಂದು ಕೇಳುವುದಕ್ಕಿಂತ, ಯಾರ ಕಣ್ಣಿಗೂ ಬೀಳದೆ ಉಳಿಯುವ ಎಕ್ಸ್‌ರೇಗಳಿಗೆ ಅದರಿಂದ ಏನಾಯಿತು ಎಂದು ಕೇಳುವುದು ನ್ಯಾಯ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, ಹದಿನೈದು ವರ್ಷ ಮತ್ತು ಮೇಲ್ಪಟ್ಟವರ ತಪಾಸಣೆಯಲ್ಲಿ ವೈದ್ಯರ ಬದಲು ಸಾಫ್ಟ್‌ವೇರ್ ಎಕ್ಸ್‌ರೇ ಓದಬಹುದೆಂದು ಒಪ್ಪಿತು. ಆದರೆ ಸಾಫ್ಟ್‌ವೇರ್ ಕೊಡುವುದು ಒಂದು ಅಂಕ ಮಾತ್ರ, ರೋಗವಿದೆ ಎಂಬ ತೀರ್ಪಲ್ಲ. ಎಷ್ಟು ಅಂಕ ದಾಟಿದವರನ್ನು ಕಫ ಪರೀಕ್ಷೆಗೆ ಕಳಿಸಬೇಕೆಂದು ನಿರ್ಧರಿಸುವವರು ಮನುಷ್ಯರು. ಗೆರೆಯನ್ನು ಕೆಳಗೆಳೆದರೆ ಆರೋಗ್ಯವಂತರೂ ಸಾಲು ನಿಲ್ಲಬೇಕು, ಪ್ರಯೋಗಾಲಯ ಏದುಸಿರು ಬಿಡುತ್ತದೆ. ಮೇಲಕ್ಕೆಳೆದರೆ ಖರ್ಚು ಉಳಿಯುತ್ತದೆ, ಕೆಲವು ರೋಗಿಗಳು ಮನೆಗೆ ಮರಳಿ ಸೋಂಕು ಹಂಚುತ್ತಾರೆ. ಹಿಂದೆ ಕ್ಷಯ ಬಂದು ವಾಸಿಯಾದವರ ಶ್ವಾಸಕೋಶದ ಕಲೆಯೂ ಯಂತ್ರಕ್ಕೆ ರೋಗದಂತೆಯೇ ಕಾಣಬಹುದು. ಹಾಗಾಗಿ ಈ ಗೆರೆ ಎಲ್ಲ ಊರಿಗೂ ಒಂದೇ ಆಗಿರಲಾರದು. ಅದನ್ನು ಮಾರಾಟಗಾರರ ಕೈಗೆ ಬಿಡುವುದಂತೂ ತಪ್ಪು.

ಯಂತ್ರ ಮೋಸ ಹೋಗುವುದಿಲ್ಲವೇ ಎಂಬ ಆಕ್ಷೇಪ ಹುಸಿಯಲ್ಲ. ನ್ಯುಮೋನಿಯಾ ಗುರುತಿಸಲು ಕಲಿಸಿದ್ದ ಒಂದು ಸಾಫ್ಟ್‌ವೇರ್ ಕುರಿತು ಅಮೆರಿಕದ ಸಂಶೋಧಕರು 2018ರಲ್ಲಿ ವರದಿ ಮಾಡಿದರು: ಎಕ್ಸ್‌ರೇ ಮೂಲೆಯಲ್ಲಿ ತಂತ್ರಜ್ಞರು ಇಡುವ ಲೋಹದ ಗುರುತಿನಂಥ ಸುಳಿವುಗಳಿಂದ ಅದು ಚಿತ್ರ ಯಾವ ಆಸ್ಪತ್ರೆಯದೆಂದು ಪತ್ತೆ ಹಚ್ಚುತ್ತಿತ್ತು. ರೋಗಿಗಳು ಹೆಚ್ಚಿರುವ ಆಸ್ಪತ್ರೆ ಯಾವುದೆಂದು ತಿಳಿದರೆ ಶ್ವಾಸಕೋಶವನ್ನು ಸರಿಯಾಗಿ ನೋಡದೆಯೂ ಊಹೆ ನಿಜವಾಗಬಹುದು. ಇದನ್ನು ಓದಿ ತಂತ್ರಜ್ಞಾನವನ್ನೇ ಬೇಡವೆನ್ನುವವರು ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬಳಸುವ ಊರಿನ ಎಕ್ಸ್‌ರೇಗಳ ಮೇಲೆಯೇ ಮೊದಲು ಪರೀಕ್ಷಿಸಿ ನೋಡಿದರೆ ಈ ಬಗೆಯ ತಪ್ಪು ಬಯಲಾಗುತ್ತದೆ. ಮೇಲಾಗಿ ಕ್ಷಯದ ವಿಷಯದಲ್ಲಿ ಕೊನೆಯ ಮಾತು ಎಕ್ಸ್‌ರೇಯದಲ್ಲ, ಕಫದ್ದು. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್‌ನಂಥ ಪುಟ್ಟ ಯಂತ್ರಗಳು ಕಫದಲ್ಲಿ ರೋಗಾಣುವನ್ನೇ ಹುಡುಕಿ ಹೇಳುತ್ತವೆ.

ಕಫ ಪರೀಕ್ಷೆಯೆಂಬ ಈ ಎರಡನೆಯ ಮೆಟ್ಟಿಲು ಇಲ್ಲದ ಕಡೆ ಮೊದಲನೆಯದು ಬರೀ ಭಯ ಹುಟ್ಟಿಸುತ್ತದೆ. ಶ್ವಾಸಕೋಶದಲ್ಲಿ ನೆರಳಿದೆ ಎಂದು ಕೇಳಿಸಿಕೊಂಡ ಕೂಲಿಕಾರ ಒಂದು ದಿನದ ದುಡಿಮೆ ಬಿಟ್ಟು ತಾಲ್ಲೂಕು ಆಸ್ಪತ್ರೆಗೆ ಬಂದಾಗ ಅಲ್ಲಿ ಟ್ರೂನ್ಯಾಟ್ ಪರೀಕ್ಷೆಗೆ ಬೇಕಾದ ಚಿಪ್ ಮುಗಿದಿರಬಾರದು. ಸಾಫ್ಟ್‌ವೇರ್ ಖರೀದಿಯ ಕಡತದಲ್ಲೇ ಕಫದ ಡಬ್ಬಿ, ಅದನ್ನು ಸಾಗಿಸುವ ವಾಹನ, ಆಶಾ ಕಾರ್ಯಕರ್ತೆಯ ಓಡಾಟದ ಭತ್ಯೆ, ಆರು ತಿಂಗಳ ಮಾತ್ರೆಯ ಲೆಕ್ಕವೂ ಸೇರಬೇಕು.