ಕಾಲು ತೆಗೆದರೆ ಆಫ್ ಆಗುವ ಕಾರು: ಐಡ್ಲಿಂಗ್ ದೋಷ ಹುಡುಕುವುದು ಹೇಗೆ?

ಹೊಳೆನರಸೀಪುರ ರಸ್ತೆಯಲ್ಲಿ ಮೊಸಳೆ ಹೊಸಹಳ್ಳಿ ಹತ್ತಿರ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತರೆ ಹಳೆಯ ಮಾರುತಿ 800, ಓಮ್ನಿ, ಜೆನ್ ಕಾರುಗಳು ಇನ್ನೂ ಎಷ್ಟು ಮನೆಗಳ ಅನ್ನ ದುಡಿಯುತ್ತಿವೆ ಎಂಬುದು ಕಣ್ಣಿಗೆ ಬೀಳುತ್ತದೆ. ತರಕಾರಿ, ಸಂತೆಯ ಬಟ್ಟೆ ಗಂಟು, ಶಾಲೆ ಮಕ್ಕಳು, ಎಲ್ಲವೂ ಅವುಗಳಲ್ಲೇ. ಇಂಥ ಗಾಡಿಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದು: ಓಡುವಾಗ ಚೆನ್ನಾಗಿಯೇ ಓಡುತ್ತದೆ, ಹಂಪ್ ಬಂತೆಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ ನಡುಗಿ ಆಫ್ ಆಗುತ್ತದೆ. ಇನ್ನು ಕೆಲವದರಲ್ಲಿ ಉಲ್ಟಾ. ಕಾಲು ತೆಗೆದರೂ ಎಂಜಿನ್ ಕೂಗುತ್ತಲೇ ಇರುತ್ತದೆ. ಮತ್ತೆ ಕೆಲವದರಲ್ಲಿ ನಿಂತ ಜಾಗದಲ್ಲೇ ರೇಸ್ ತಾನಾಗಿ ಏರುತ್ತದೆ, ಇಳಿಯುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಹಂಟಿಂಗ್ ಅನ್ನುತ್ತಾರೆ.

ಓಡುವಾಗ ಇಲ್ಲದ ತೊಂದರೆ ನಿಂತಾಗ ಮಾತ್ರ ಯಾಕೆ? ಇದಕ್ಕೆ ಉತ್ತರ ನಮ್ಮ ಪಿಯುಸಿ ಲೆಕ್ಕದಲ್ಲೇ ಇದೆ. ಮಾರುತಿ 800ರ ಎಂಜಿನ್ 796 ಸಿ.ಸಿ., ಮೂರು ಸಿಲಿಂಡರ್. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 900 ಸುತ್ತು ಅಂದುಕೊಳ್ಳಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ, ಅಂದರೆ ನಿಮಿಷಕ್ಕೆ 450 ಸಲ. ಒಟ್ಟು ಸುಮಾರು 358 ಲೀಟರ್. ಆದರೆ ಥ್ರಾಟಲ್ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಹೊರಗಿನದರ ಮೂರನೇ ಒಂದು ಭಾಗದಷ್ಟೇ ಇರುತ್ತದೆ. ಹಾಗಾಗಿ ನಿಜವಾಗಿ ಒಳಗೆ ಹೋಗುವ ಹೊರಗಿನ ಗಾಳಿ ನಿಮಿಷಕ್ಕೆ 120 ಲೀಟರಿನ ಆಸುಪಾಸು. ಪೂರ್ತಿ ರೇಸ್ ಕೊಟ್ಟಾಗ ಇದರ ಹತ್ತು ಪಟ್ಟಿಗೂ ಹೆಚ್ಚು ಗಾಳಿ ಬೇಕು.

ಈಗ ಎಲ್ಲೋ ಒಂದು ರಬ್ಬರ್ ಪೈಪ್ ಬಿರಿದು ಮೂರು ಮಿಲಿಮೀಟರ್ ತೂತಾಗಿದೆ ಎನ್ನಿ. ಒಳಗೆ ಅಷ್ಟು ಕಡಿಮೆ ಒತ್ತಡ ಇರುವಾಗ ಆ ತೂತಿನಿಂದ ನಿಮಿಷಕ್ಕೆ ಹತ್ತಿರ ಹತ್ತಿರ 60 ಲೀಟರ್ ಗಾಳಿ ನುಗ್ಗುತ್ತದೆ. ಐಡ್ಲಿಂಗ್‌ಗೆ ಬೇಕಾದ ಗಾಳಿಯ ಅರ್ಧ! ರಸ್ತೆಯಲ್ಲಿ ಜೋರಾಗಿ ಹೋಗುವಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ಗಾಳಿಯ ದಾರಿಯಲ್ಲಿ ಕೂತ ಮಸಿಯದೂ ಇದೇ ಕತೆ. ಕೂದಲೆಳೆಯಷ್ಟು ಮಸಿ ಸಾಕು, ಐಡ್ಲಿಂಗ್ ಕೆಡುತ್ತದೆ.

ಹಿಂದೆ ಕಾರ್ಬ್ಯುರೇಟರ್ ಇದ್ದಾಗ ಈ ಗಾಳಿಯನ್ನು ಒಂದು ಸ್ಕ್ರೂ ತಿರುಗಿಸಿ ಸರಿಮಾಡುತ್ತಿದ್ದರು, ಚಳಿಯಲ್ಲಿ ಚೋಕ್ ಎಳೆಯುತ್ತಿದ್ದರು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800 ಹಾಗೆಯೇ ಇತ್ತು. 2000ದ ಹೊತ್ತಿಗೆ ಹೊಗೆಯ ನಿಯಮ ಬಿಗಿಯಾಗಿ ಎಂ.ಪಿ.ಎಫ್.ಐ. ಬಂತು, ಚೋಕ್ ಹೋಯಿತು. ಈಗ ಎಷ್ಟು ಪೆಟ್ರೋಲ್ ಎಂಬುದನ್ನು ಇ.ಸಿ.ಎಂ. ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಥ್ರಾಟಲ್ ತಟ್ಟೆ ಮುಚ್ಚಿದ್ದಾಗ ಗಾಳಿ ಹೋಗಲು ಪಕ್ಕದಲ್ಲೊಂದು ಓಣಿ ಇದೆ. ಆ ಓಣಿಯ ಬಾಗಿಲೇ ಐಡಲ್ ಏರ್ ಕಂಟ್ರೋಲ್ ವಾಲ್ವ್. ಕೆಲವು ಕಾರುಗಳಲ್ಲಿ ಇದು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಮುಂದೆ ಸರಿಯುವ ಸ್ಟೆಪ್ಪರ್ ಮೋಟರ್, ಕೆಲವದರಲ್ಲಿ ಸೊಲೆನಾಯ್ಡ್. ಎ.ಸಿ. ಹಾಕಿದರೆ, ಹೆಡ್‌ಲೈಟ್ ಹಾಕಿದರೆ, ಎಂಜಿನ್ ತಣ್ಣಗಿದ್ದರೆ ಬಾಗಿಲು ಇನ್ನಷ್ಟು ತೆರೆಯುತ್ತದೆ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುವಷ್ಟರಲ್ಲಿ ಆ ಬದಲಾವಣೆಯನ್ನೂ ಈ ವಾಲ್ವ್ ನಮಗೆ ಗೊತ್ತಾಗದಂತೆ ಸರಿದೂಗಿಸಿರುತ್ತದೆ.

ಇಷ್ಟೆಲ್ಲ ಕೆಲಸ ಮಾಡುವುದರಿಂದಲೇ ಐಡ್ಲಿಂಗ್ ಕೆಟ್ಟರೆ ಮೊದಲ ಅನುಮಾನ ಅದರ ಮೇಲೆ. ನಮ್ಮ ಮಾಮು ಅವರ ಓಮ್ನಿಗೆ ಹೀಗೇ ಆಯಿತು. ಒಂದು ಗ್ಯಾರೇಜಿನಲ್ಲಿ ಹೊಸ ವಾಲ್ವ್ ಹಾಕಿದರು, ಸರಿಹೋಗಲಿಲ್ಲ. ಫ್ಯೂಯಲ್ ಪಂಪ್ ಬದಲಾಯಿಸಿದರು, ಆಗಲೂ ಇಲ್ಲ. ಅರಕಲಗೂಡು ಸಂತೆಯ ಎರಡು ವಾರದ ದುಡಿಮೆ ಅದಕ್ಕೇ ಹೋಯಿತು. ಕೊನೆಗೆ ಸಿಕ್ಕಿದ್ದು ಬ್ರೇಕ್ ಬೂಸ್ಟರ್‌ಗೆ ಹೋಗುವ ಪೈಪಿನ ತುದಿಯಲ್ಲಿ ಒಂದು ಬಿರುಕು. ಹಾಗಾಗಿ ದುಡ್ಡು ಬಿಚ್ಚುವ ಮೊದಲು ದುಡ್ಡಿಲ್ಲದೆ ನೋಡಬಹುದಾದದ್ದನ್ನೆಲ್ಲ ನೋಡಬೇಕು.

ತೊಂದರೆ ಯಾವಾಗ ಬರುತ್ತದೆ ಎಂದು ಎರಡು ದಿನ ಗಮನಿಸಿ. ತಣ್ಣಗಿದ್ದಾಗ ಮಾತ್ರವೋ, ಬಿಸಿಯಾದ ಮೇಲೋ, ಎ.ಸಿ. ಹಾಕಿದಾಗಲೋ? ಏರ್ ಫಿಲ್ಟರ್, ಪ್ಲಗ್, ಬ್ಯಾಟರಿ ಟರ್ಮಿನಲ್ ಸರಿ ಇವೆಯೇ? ಆಲೂಗಡ್ಡೆ ಹೊಲದ ಮಣ್ಣು ರಸ್ತೆಯಲ್ಲಿ ಓಡಾಡುವ ಗಾಡಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಆಕ್ಸಿಲರೇಟರ್ ಕೇಬಲ್‌ಗೆ ಒಂಚೂರು ಸಡಿಲ ಇರಬೇಕು. ಬಿಗಿಯಾಗಿದ್ದರೆ ಥ್ರಾಟಲ್ ಪೂರ್ತಿ ಮುಚ್ಚುವುದೇ ಇಲ್ಲ, ಎಂಜಿನ್ ಕೂಗುತ್ತದೆ.

ಇನ್ನೊಂದು ಸಂಗತಿ ನಮ್ಮ ಕಡೆ ವಿಶೇಷವಾಗಿ ನೋಡಬೇಕು: ಥರ್ಮೋಸ್ಟಾಟ್. 'ನಮ್ಮ ಸೆಕೆಗೆ ಇದು ಬೇಡ' ಎಂದು ಅದನ್ನು ಕಿತ್ತು ಬಿಸಾಡುವ ಅಭ್ಯಾಸವಿದೆ. ನನಗೆ ಇದು ಸರಿ ಕಾಣುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಅಂಥ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಸೆನ್ಸರ್ 'ಇನ್ನೂ ತಣ್ಣಗಿದೆ' ಎಂದು ವರದಿ ಕೊಡುತ್ತಲೇ ಇರುತ್ತದೆ, ಇ.ಸಿ.ಎಂ. ಗಾಳಿ ಪೆಟ್ರೋಲ್ ಎರಡನ್ನೂ ಜಾಸ್ತಿ ಸುರಿಯುತ್ತಲೇ ಇರುತ್ತದೆ. ಪಾಪ, ವಾಲ್ವ್ ಮಾತ್ರ ಬೈಸಿಕೊಳ್ಳುತ್ತದೆ.

ಆಮೇಲೆ ಗಾಳಿ ಸೋರಿಕೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಿವಿಗೊಟ್ಟರೆ ಎಷ್ಟೋ ಸಲ 'ಸ್ಸ್' ಎಂಬ ಸದ್ದು ಕೇಳಿಸುತ್ತದೆ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ದುಪಟ್ಟಾ, ತೋಳು ದೂರವಿರಲಿ. ವ್ಯಾಕ್ಯೂಂ ಪೈಪುಗಳನ್ನು ಒಂದೊಂದಾಗಿ, ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಒತ್ತಿಹಿಡಿಯಿರಿ. ಯಾವುದನ್ನು ಒತ್ತಿದಾಗ ಎಂಜಿನ್ನಿನ ಸದ್ದು ಸರಿಹೋಗುತ್ತದೋ ದೋಷ ಆ ಪೈಪಿನಲ್ಲಿ, ಇಲ್ಲವೇ ಅದು ಸೇರುವ ಕಡೆ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಎರಚುವವರಿದ್ದಾರೆ. ಬೆಂಕಿ ಹತ್ತಲು ಒಂದು ಕಿಡಿ ಸಾಕು, ಖಂಡಿತ ಬೇಡ. ಕೀಲುಗಳ ಮೇಲೆ ಸ್ವಲ್ಪ ಸೋಪಿನ ನೀರು ಬಿಟ್ಟರೆ ತೂತು ಅದನ್ನು ಒಳಗೆಳೆದುಕೊಳ್ಳುವುದು ಕಾಣುತ್ತದೆ, ಆ ಕ್ಷಣ ಸದ್ದೂ ಬದಲಾಗುತ್ತದೆ.

ಸೋರಿಕೆ ಇಲ್ಲವಾದರೆ ಮಸಿ. ಎಂಜಿನ್ನಿನ ಒಳಗಿಂದ ವಾಪಸ್ ಬರುವ ಎಣ್ಣೆಯ ಆವಿ ಥ್ರಾಟಲ್ ತಟ್ಟೆಯ ಅಂಚಿಗೂ ಪಕ್ಕದ ಓಣಿಗೂ ಅಂಟಿ ವರ್ಷಗಳಲ್ಲಿ ಕಪ್ಪು ಮೇಣದಂತಾಗುತ್ತದೆ. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ, ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒರೆಸಬೇಕು. ಉಪ್ಪುಕಾಗದ, ಸ್ಕ್ರೂಡ್ರೈವರ್ ಮುಟ್ಟಿಸಬಾರದು. ವಾಲ್ವ್ ಬಿಚ್ಚಿದರೆ ಅದರ ಮೂತಿಯ ಮಸಿಯನ್ನು ಮಾತ್ರ ಒರೆಸಿ. ಇಡೀ ವಾಲ್ವನ್ನು ಪೆಟ್ರೋಲಿನಲ್ಲಿ ಮುಳುಗಿಸಿದರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಸ್ಟೆಪ್ಪರ್‌ನ ಮೂತಿಯನ್ನು ಕೈಯಿಂದ ಒತ್ತುವುದು, ಎಳೆಯುವುದು ಬೇಡ. ಒಳಗಿನ ಸಣ್ಣ ಮರೆಗಳು ಹಾಳಾಗುತ್ತವೆ. ಮತ್ತೆ ಕೂರಿಸುವಾಗ ರಬ್ಬರ್ ರಿಂಗ್ ಸರಿಯಾಗಿದೆಯೇ ನೋಡಿ.

ವಾಲ್ವ್ ಬದುಕಿದೆಯೋ ಸತ್ತಿದೆಯೋ ತಿಳಿಯಲು ನಮ್ಮ ಫಿಸಿಕ್ಸ್ ಲ್ಯಾಬಿನಲ್ಲಿರುವಂಥ ಮಲ್ಟಿಮೀಟರ್ ಸಾಕು. ಕನೆಕ್ಟರ್ ಬಿಚ್ಚಿ ಸುರುಳಿಯ ರೋಧ ಅಳೆಯಿರಿ. ಸ್ಟೆಪ್ಪರ್‌ನಲ್ಲಿ ಸುರುಳಿಗಳ ಅಳತೆ ಹೆಚ್ಚುಕಡಿಮೆ ಸಮ ಇರಬೇಕು. ಒಂದು ಅನಂತ ತೋರಿಸಿದರೆ ತಂತಿ ಕಡಿದಿದೆ, ಸೊನ್ನೆ ತೋರಿಸಿದರೆ ಶಾರ್ಟ್. ಸರಿಯಾದ ಬೆಲೆ ಕಾರಿನಿಂದ ಕಾರಿಗೆ ಬೇರೆ, ಆ ಮಾದರಿಯ ಸರ್ವಿಸ್ ಪುಸ್ತಕ ನೋಡಬೇಕು. ಪರೀಕ್ಷೆಗೆಂದು ಸ್ಟೆಪ್ಪರ್‌ಗೆ ನೇರ ಬ್ಯಾಟರಿ ಕೊಡಬೇಡಿ. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ: ಎಂಜಿನ್ ಬಿಸಿಯಾದ ಮೇಲೆ ಪಕ್ಕದ ಓಣಿಗೆ ಗಾಳಿ ಹೋಗುವ ಬಾಯಿಯನ್ನು ಮುಚ್ಚುವುದು. ಮುಚ್ಚಿದ ಕೂಡಲೇ ರೇಸ್ ಇಳಿದರೆ ಹೆಚ್ಚುವರಿ ಗಾಳಿ ವಾಲ್ವ್ ಮೂಲಕವೇ ಹೋಗುತ್ತಿತ್ತು. ಮುಚ್ಚಿದರೂ ಎಂಜಿನ್ ಕೂಗುತ್ತಲೇ ಇದ್ದರೆ ವಾಲ್ವ್ ನಿರಪರಾಧಿ, ಗಾಳಿ ಬೇರೆಲ್ಲೋ ನುಗ್ಗುತ್ತಿದೆ.

ಈ ಯಾವುದನ್ನೂ ಮಾಡದೆ ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸಿ ರೇಸ್ ಏರಿಸಿ ಕಳಿಸುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಅದು ಕಾರ್ಖಾನೆಯಲ್ಲಿ ಕೂರಿಸಿದ ಸ್ಕ್ರೂ. ಅದನ್ನು ಏರಿಸಿದರೆ ಥ್ರಾಟಲ್ ಮುಚ್ಚಿದೆ ಎಂಬ ಸುದ್ದಿ ಇ.ಸಿ.ಎಂ.ಗೆ ಸರಿಯಾಗಿ ಮುಟ್ಟದೆ ಹೋಗಬಹುದು. ಆಗ ಐಡ್ಲಿಂಗ್ ನೋಡಿಕೊಳ್ಳುವ ಕೆಲಸವನ್ನೇ ಅದು ಬಿಡುತ್ತದೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಎಂಜಿನ್ ಗಾಡಿಯನ್ನು ಹಿಡಿಯುವುದೂ ಕಡಿಮೆಯಾಗುತ್ತದೆ. ಶಿರಾಡಿಯ ತಿರುವಿನಲ್ಲಿ ಅದು ಆಟವಲ್ಲ.

ಇನ್ನು ಆಫ್ ಆಗುವ ಗಾಡಿಯನ್ನು 'ಹೇಗೋ ನಡೆಯುತ್ತೆ' ಎಂದು ಓಡಿಸುವವರ ಗಮನಕ್ಕೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ನಿನ ವ್ಯಾಕ್ಯೂಂನಿಂದ. ಎಂಜಿನ್ ನಿಂತ ಮೇಲೆ ಒಳಗೆ ಉಳಿದದ್ದು ಒಂದೆರಡು ಸಲ ಬ್ರೇಕ್ ಒತ್ತಲು ಸಾಲುತ್ತದೆ, ನಂತರ ಪೆಡಲ್ ಕಲ್ಲಿನಂತಾಗುತ್ತದೆ. ಬ್ರೇಕ್ ಇರುತ್ತದೆ, ಆದರೆ ತುಂಬಾ ಬಲ ಬಿಟ್ಟು ತುಳಿಯಬೇಕು. ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರ. ಚಲಿಸುವಾಗ ಆಫ್ ಆದರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತದೆ ಒಂದೇ ಸಮನೆ ಒತ್ತಿಹಿಡಿದು ಎಡಕ್ಕೆ ತನ್ನಿ. ಗಾಡಿ ನಿಲ್ಲುವ ತನಕ ಕೀ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು.

ಎಲ್ಲ ನೋಡಿದ ಮೇಲೂ ವಾಲ್ವ್ ಸತ್ತಿದೆ ಎಂದು ಖಾತ್ರಿಯಾದರೆ ಬದಲಾಯಿಸಲೇಬೇಕು. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ನೋಡಲು ಒಂದೇ ತರಹ ಇರುವ ಎರಡು ವಾಲ್ವ್‌ಗಳ ಪಿನ್ನೂ ಮೂತಿಯ ಉದ್ದವೂ ಬೇರೆ ಇರಬಹುದು. ಹೊಸದನ್ನು ಕೂರಿಸಿದ ಮೇಲೆ, ಅಥವಾ ಮಸಿ ತೆಗೆದ ಮೇಲೆ, ಸ್ವಲ್ಪ ಹೊತ್ತು ರೇಸ್ ಹೆಚ್ಚಿದ್ದರೆ ಗಾಬರಿ ಬೇಡ. ಇ.ಸಿ.ಎಂ. ಹಳೆಯ ಮಸಿಯ ಲೆಕ್ಕವನ್ನೇ ನೆನಪಿಟ್ಟುಕೊಂಡಿರುತ್ತದೆ. ಎ.ಸಿ., ಲೈಟು ಎಲ್ಲ ಆಫ್ ಮಾಡಿ, ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಾಗಿ ಒಂದು ಸಲ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಅದರ ಪಾಡಿಗೆ ಬಿಡಿ. ಬಹಳಷ್ಟು ಕಾರುಗಳು ಅಷ್ಟರಲ್ಲಿ ಹೊಸ ಲೆಕ್ಕ ಕಲಿಯುತ್ತವೆ, ಕೆಲವಕ್ಕೆ ಮಾತ್ರ ಸ್ಕ್ಯಾನರ್ ಬೇಕಾಗುತ್ತದೆ.