ಬಾಕ್ಸೈಟ್ ಅದಿರೂ ಭಾರತದ ಅಲ್ಯೂಮಿನಿಯಂ ಕೈಗಾರಿಕೆಯೂ

ಸ್ವದೇಶದಲ್ಲಿ ಅದಿರು ಹೇರಳವಾಗಿದ್ದ ಮಾತ್ರಕ್ಕೆ ಲೋಹದ ಕೈಗಾರಿಕೆಯು ತಾನಾಗಿ ಬೆಳೆಯುವುದೆಂದು ಭಾವಿಸುವುದು ಸಾಧುವಲ್ಲ. ಇದಕ್ಕೆ ಭಾರತದ ಅಲ್ಯೂಮಿನಿಯಂ ಕೈಗಾರಿಕೆಯ ಚರಿತ್ರೆಯೇ ನಿದರ್ಶನವಾಗಿದೆ.

ಬಾಕ್ಸೈಟ್ ಎಂಬ ಅದಿರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಕಬ್ಬಿಣವೇ ಮೊದಲಾದ ಕಲ್ಮಷಗಳು ಕರಗದೆ ಉಳಿಯುತ್ತವೆ. ದ್ರಾವಣದಿಂದ ದೊರೆತುದನ್ನು ಚೆನ್ನಾಗಿ ಕಾಯಿಸಲು ಅಲ್ಯೂಮಿನಾ ಎಂಬ ಬಿಳಿಯ ಪುಡಿಯಾಗುತ್ತದೆ. ಇದನ್ನು ಕರಗಿದ ಕ್ರಯೊಲೈಟಿನಲ್ಲಿ ಬೆರೆಸಿ ವಿದ್ಯುತ್ತನ್ನು ಹರಿಸಿದಾಗ ಲೋಹವು ಬೇರ್ಪಡುತ್ತದೆ. ಒಂದು ಟನ್ನು ಲೋಹಕ್ಕೆ ಸುಮಾರು 4 ಟನ್ನು ಅದಿರೂ ಸುಮಾರು 14,000 ಯೂನಿಟ್ ವಿದ್ಯುತ್ತೂ ಆವಶ್ಯಕ.

ಆದಕಾರಣ 1943ರಲ್ಲಿ ತಿರುವಾಂಕೂರು ಸಂಸ್ಥಾನದ ಆಲುವಾದಲ್ಲಿ ಲೋಹೋತ್ಪಾದನೆಯು ಆರಂಭವಾದಾಗ ಜಲವಿದ್ಯುತ್ತು ಸ್ವದೇಶದ್ದು, ಅಲ್ಯೂಮಿನಾ ಮಾತ್ರ ವಿದೇಶದ್ದು. 1948ರಲ್ಲಿ ಅಂದಿನ ಬಿಹಾರದ ಮೂರಿಯಲ್ಲಿ ಅಲ್ಯೂಮಿನಾ ಕಾರ್ಖಾನೆಯು ಸ್ಥಾಪಿತವಾದ ಬಳಿಕ ಸ್ವದೇಶದ ಗಣಿಗೂ ಕುಲುಮೆಗೂ ಸಂಬಂಧವೇರ್ಪಟ್ಟಿತು. 1981ರಲ್ಲಿ ಸ್ಥಾಪಿತವಾದ ನಾಲ್ಕೋ ಸಂಸ್ಥೆಯಾದರೋ ಒಡಿಶಾದ ಪಂಚಪಟ್ಮಾಲಿಯಲ್ಲಿ ಅದಿರನ್ನು ಅಗೆದು, ದಾಮನ್‌ಜೋಡಿಯಲ್ಲಿ ಶೋಧಿಸಿ, ಲೋಹವನ್ನು ಕಲ್ಲಿದ್ದಲಿನ ತಾಲ್ಚೇರಿಗೆ ಸಮೀಪವಾದ ಅಂಗೂಲಿನಲ್ಲಿ ತೆಗೆಯುತ್ತದೆ. ನಮ್ಮ ಬೆಳಗಾವಿಯಲ್ಲಿ ಅಲ್ಯೂಮಿನಾ ಇಂದಿಗೂ ತಯಾರಾಗುತ್ತಿದೆ. ಲೋಹದ ಕುಲುಮೆಗಳು ಮಾತ್ರ ನಿಂತುಹೋಗಿವೆ.

ಇದರಿಂದ ತಿಳಿಯತಕ್ಕದ್ದೇನೆಂದರೆ, ಗಣಿ, ಶೋಧನೆ, ವಿದ್ಯುತ್ತು ಈ ಮೂರೂ ಕೂಡಿದಲ್ಲಿಯೇ ಕೈಗಾರಿಕೆಯು ನೆಲೆಗೊಳ್ಳುವುದು. ಅದಿರನ್ನು ಅದಿರಾಗಿಯೇ ಹೊರಗೆ ಕಳುಹುವ ನಾಡಿಗೆ ಲೋಹದ ಬೆಲೆಯಲ್ಲಿ ದಕ್ಕುವುದು ಅತ್ಯಲ್ಪಾಂಶವೇ ಸರಿ.