ನಡೆಯುವವರ ದಾರಿಯಲ್ಲಿ ಸೈಕಲ್

ಪಾದಚಾರಿಗಳೂ ಸೈಕಲ್ ಸವಾರರೂ ಒಟ್ಟಿಗೆ ಬಳಸುವ ದಾರಿಯಲ್ಲಿ ಅಪಾಯದ ಮೂಲ ವೇಗದ ಅಂತರ. ನಡೆಯುವವರ ವೇಗ ಗಂಟೆಗೆ ಸುಮಾರು 5 ಕಿ.ಮೀ. ಗಂಟೆಗೆ 20 ಕಿ.ಮೀ. ವೇಗದ ಸೈಕಲ್ಲಾದರೋ ಒಂದೇ ಸೆಕೆಂಡಿನಲ್ಲಿ ಐದೂವರೆ ಮೀಟರ್ ದಾಟುತ್ತದೆ. ಸವಾರ ಬ್ರೇಕ್ ಹಿಡಿಯುವ ಹೊತ್ತಿಗೆ ಅಷ್ಟು ದೂರ ಮುಗಿದಿರುತ್ತದೆ. ಸೈಕಲ್ಲಿನ ಸದ್ದೂ ಕಡಿಮೆ.

ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್ 2022ರ ಜನವರಿಯಲ್ಲಿ ಪರಿಷ್ಕರಣೆಗೊಂಡಾಗ, ಇಂಥ ದಾರಿಗಳಲ್ಲಿ ಸವಾರರು ಪಾದಚಾರಿಗಳಿಗೆ ದಾರಿ ಬಿಡಬೇಕೆಂದು ಹೇಳಿತು. ಹಿಂದಿನಿಂದ ತೀರಾ ಹತ್ತಿರವಾಗಿ, ವೇಗವಾಗಿ ದಾಟುವಂತಿಲ್ಲ; ಬೆಲ್ ಬಾರಿಸಬೇಕು, ಇಲ್ಲವೇ ಸೌಜನ್ಯದಿಂದ ಕೂಗಿ ತಿಳಿಸಬೇಕು. ಆದರೆ ಬೆಲ್ಲನ್ನೇ ನಂಬಿದರೆ ಸಾಲದು. ಮುಂದಿರುವವರಿಗೆ ಕಿವಿ ಕೇಳಿಸದಿರಬಹುದು, ಕಣ್ಣು ಕಾಣದಿರಬಹುದು. ಅದು ಹಿಂದಿನಿಂದ ಗೊತ್ತಾಗುವುದಿಲ್ಲ. ಕೇಳಿಸಿಕೊಂಡವರೂ ಗಾಬರಿಯಲ್ಲಿ ಯಾವ ಕಡೆಗೆ ಸರಿಯುತ್ತಾರೋ ಹೇಳಲಾಗದು. ಹೀಗಾಗಿ ನಿಧಾನಿಸುವುದು, ಅಗತ್ಯವಿದ್ದರೆ ನಿಂತುಬಿಡುವುದು ಸವಾರರ ಹೊಣೆ.